ಕಿಸೆಯಿದ್ದ ಖಾಕಿ ಚೀಲ

ನಾನು ಚೀಲವಾಗುವ ಮೊದಲು ಪ್ಯಾಂಟಾಗಿದ್ದೆ. ನಗಬೇಡಿ. ಕೈಯಲ್ಲಿ ಹೊಲಿದ ಚೀಲಗಳಿಗೆಲ್ಲ ಹಿಂದಿನ ಜನ್ಮ ಅಂತ ಒಂದು ಇರುತ್ತದೆ. ಕೆಲವು ಹಳೆಯ ಪರದೆಯಾಗಿರುತ್ತವೆ, ಕೆಲವು ಸೀರೆಯ ಒಳಲಂಗವಾಗಿರುತ್ತವೆ, ಅವು ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ. ನಾನು ಹೇಳಿಕೊಳ್ಳುತ್ತೇನೆ. ನಾನು ಸರ್ಕಾರಿ ಖಾಕಿ. ಗದಗ ಡಿಪೋದ ಬಸ್ ಡ್ರೈವರ್ ಫಕೀರಪ್ಪನ ಮೈಮೇಲೆ ಮೂರು ವರ್ಷ ದುಡಿದಿದ್ದೇನೆ.

ಆಗಿನ ಬಸ್ಸುಗಳಲ್ಲಿ ಇಂಜಿನ್ ಡ್ರೈವರನ ಪಕ್ಕದಲ್ಲೇ, ಎಡಗಡೆ, ಪೆಟ್ಟಿಗೆಯಂಥ ಮುಚ್ಚಳದ ಕೆಳಗೆ ಗುಡುಗುತ್ತಿತ್ತು. ಅದರ ಬಿಸಿಗೆ ನನ್ನ ಎಡಗಾಲು ಬಣ್ಣ ಕಳೆದುಕೊಂಡಿತು. ಫಕೀರಪ್ಪನ ಎಡಗಿವಿ ನಿಧಾನಕ್ಕೆ ಕೇಳುವುದನ್ನು ಕಳೆದುಕೊಂಡಿತು. ತನಗೆ ಕೇಳದವರು ಜೋರಾಗಿ ಮಾತಾಡುತ್ತಾರಲ್ಲ, ಹಾಗೆ ಅವನದು ಓಣಿಗೆಲ್ಲ ಕೇಳುವ ಗಂಟಲು. ಮನುಷ್ಯ ಮಾತ್ರ ಬೆಣ್ಣೆ. ಒಂದೇ ಒಂದು ದುರ್ಗುಣವಿತ್ತು: ಬಸ್ಸು ನಿಂತಲ್ಲೆಲ್ಲ ಏನಾದರೂ ಕೊಳ್ಳಬೇಕು.

ನವಲಗುಂದಕ್ಕೆ ಹೋದರೆ ಪೇರಲ ಹಣ್ಣು, ಒಂದೆರಡಲ್ಲ, ಬುಟ್ಟಿಯೇ. ಬ್ಯಾಡಗಿಗೆ ಹೋದರೆ ಮೆಣಸಿನಕಾಯಿ, ಮನೆಯಲ್ಲಿ ಡಬ್ಬಿ ತುಂಬ ಇದ್ದರೂ. ಸವಣೂರಿಗೆ ಹೋದರೆ ಎಲೆಯ ಕಟ್ಟು, ಅದೂ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲದ ಮನೆಗೆ! ಕಿಟಕಿಯ ಕೆಳಗೆ ಹೆಣ್ಣುಮಗಳೊಬ್ಬಳು ಬುಟ್ಟಿ ಎತ್ತಿ ಹಿಡಿದು "ಯಣ್ಣಾ, ಕಡೀ ಮಾಲು, ತಗೊಂಡು ಹೋಗಿಬಿಡು" ಅಂದರೆ ಸಾಕು, ಅವನ ಕೈ ತಾನಾಗಿ ನನ್ನ ಬಲಗಿಸೆಯೊಳಗೆ ಬರುತ್ತಿತ್ತು. ಡ್ಯೂಟಿ ಮುಗಿಸಿ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದ.

"ಲೇ ನಿಂಬೀ, ಇಲ್ ಬಾ, ಏನ್ ತಂದೀನಿ ನೋಡು!"

ನಿಂಬೆವ್ವ ಅವನ ಹೆಂಡತಿ. ಬೆಟಗೇರಿಯ ಒಂದು ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇಬ್ಬರೇ. ಮಕ್ಕಳಾಗಲಿಲ್ಲ. ಮೊದಮೊದಲು ಜನ ಕೇಳುತ್ತಿದ್ದರು, ಆಮೇಲೆ ಅವರಿಗೂ ಬೇಸರವಾಗಿ ಕೇಳುವುದು ಬಿಟ್ಟರು. ಫಕೀರಪ್ಪ ಒಂದು ಸಲ ಬಸ್ ಹತ್ತಿದರೆ ಮರುದಿನ ಸಂಜೆಗೇ ಮನೆ. ಅಲ್ಲಿಯವರೆಗೆ ನಿಂಬೆವ್ವ ಹೊಲಿಗೆ ಮಷಿನ್ನಿನ ಜೊತೆ ಒಬ್ಬಳೇ ಕೂತಿರುತ್ತಿದ್ದಳು. ಮಾತಾಡಲು ಅದೊಂದೇ. ಅದೂ ಟಕಟಕ ಅನ್ನುವುದು ಬಿಟ್ಟು ಬೇರೇನೂ ಅನ್ನುತ್ತಿರಲಿಲ್ಲ.

ಇಬ್ಬರ ಹೊಟ್ಟೆಗೆ ಒಂದು ಬುಟ್ಟಿ ಪೇರಲ ಎಲ್ಲಿಯ ಲೆಕ್ಕ? ಎರಡು ದಿನ ತಿಂದರು, ಮೂರನೆಯ ದಿನ ಹಂಚಿದರು, ನಾಲ್ಕನೆಯ ದಿನ ಅವು ವಾಸನೆ ಹೊಡೆದವು. ರವೆಯಲ್ಲಿ ಹುಳ. ಶೇಂಗಾದಲ್ಲಿ ಬೂಸಲು. ಎಲೆಯ ಕಟ್ಟು ಹಳದಿ. ಎದುರು ಮನೆಯ ದ್ಯಾಮಕ್ಕನ ಎಮ್ಮೆಗೆ ಹಾಕಿ ಹಾಕಿ, ಕೊನೆಗೆ ಆ ಎಮ್ಮೆಯೇ ನಿಂಬೆವ್ವನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಸಂಬಳವೆಲ್ಲ ಹೀಗೆ ಎಮ್ಮೆಯ ಹೊಟ್ಟೆ ಸೇರಿದರೆ ತಿಂಗಳ ಕೊನೆಯಲ್ಲಿ ಮನುಷ್ಯರು ಉಣ್ಣುವುದೇನು? ಬರೀ ರೊಟ್ಟಿ, ಖಾರ.

ಹೀಗಿರುವಾಗ ನನ್ನ ಕುಂಡೆ ಹರಿಯಿತು. ಕೂತು ಓಡಿಸುವವನ ಪ್ಯಾಂಟು ಹರಿಯುವುದು ಅಲ್ಲೇ. ಕಾಲುಗಳು ಗಟ್ಟಿ ಇದ್ದವು. ನಿಂಬೆವ್ವ ನನ್ನನ್ನು ನೆಲದ ಮೇಲೆ ಹಾಸಿ, ಕತ್ತರಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮನಸ್ಸಿನಲ್ಲಿ ಏನೋ ಗಟ್ಟಿಯಾಗುತ್ತಿದೆ ಅಂತ ನನಗೆ ಗೊತ್ತಾಯಿತು. ಕಚಕ್ ಕಚಕ್ ಅಂತ ಕತ್ತರಿಸಿದಳು. ನೋಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ಕಾಲುಗಳನ್ನು ಬಿಚ್ಚಿ, ಸೇರಿಸಿ, ತಳಕ್ಕೆ ದಪ್ಪ ಹೊಲಿಗೆ ಹಾಕಿ, ಸೊಂಟದ ಪಟ್ಟಿಯಿಂದ ಎರಡು ಹಿಡಿಕೆ ಮಾಡಿದಳು. ಕೊನೆಗೆ ಬಲಗಡೆಯ ಕಿಸೆಗೆ ಕತ್ತರಿ ತಂದಾಗ ಫಕೀರಪ್ಪ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತ.

"ಅದೊಂದು ಬಿಡ. ಭಾಳ ದಿನದ ಕಿಸೆ."

ನಿಂಬೆವ್ವ ಅವನ ಮುಖ ನೋಡಿದಳು. ಕತ್ತರಿ ಕೆಳಗಿಟ್ಟಳು. ಆಮೇಲೆ ಕಾನೂನು ಹೇಳಿದಳು, ಅದೂ ಅವನ ಬಲಗಿವಿಗೆ, ಎರಡು ಸಲ. "ವಾರದ ಸಂತಿ ಅಂದ್ರ ಈ ಚೀಲ. ಇದರಾಗ ಹಿಡದಷ್ಟು ಮಾತ್ರ. ಚೀಲ ತುಂಬಿತಂದ್ರ ಸಂತಿ ಮುಗೀತು, ಹಾದ್ಯಾಗ ಬಂಗಾರ ಮಾರಾಕತ್ತಿದ್ರೂ ನಿಲ್ಲಬಾರದು. ಬಸ್ಸಿನ ಕಿಟಕಿಯಿಂದ ಏನೂ ಕೊಳ್ಳಂಗಿಲ್ಲ. ಮತ್ತ ಈ ಕಿಸೆ ಐತೆಲ್ಲ, ಇದು ನಿಮ್ಮದು. ನಿಮ್ಮ ಮನಸಿಗೆ ಬಂದದ್ದು ಇದರಾಗ ಹಿಡದಷ್ಟು ತರ್ರಿ. ನಾ ಕೇಳಂಗಿಲ್ಲ."

ನಾ ಕೇಳಂಗಿಲ್ಲ ಅಂದಳಲ್ಲ, ಅದು ಮಾತ್ರ ಶುದ್ಧ ಸುಳ್ಳು.

ಅಲ್ಲಿಂದ ನನ್ನ ಒಳ್ಳೆಯ ದಿನಗಳು ಶುರುವಾದವು. ವಾರಕ್ಕೊಮ್ಮೆ ಫಕೀರಪ್ಪನ ಹೆಗಲೇರಿ ಸಂತೆಗೆ ಹೋಗುತ್ತಿದ್ದೆ. ತಳಕ್ಕೆ ಉಳ್ಳಾಗಡ್ಡಿ, ಬಟಾಟೆ, ಅದರ ಮೇಲೆ ಬದನೆ, ಹೀರೆ, ಮೇಲಕ್ಕೆ ಮೆಂತ್ಯ, ಪುಂಡಿಪಲ್ಯೆ. ಸೊಪ್ಪು ಮಾರುವ ಮಾಬವ್ವ ಕೊಸರು ಅಂತ ಒಂದು ಹಿಡಿ ಕೊತ್ತಂಬರಿ ಸೇರಿಸುತ್ತಿದ್ದಳು. ಅದಕ್ಕೊಂದಿಷ್ಟು ಜಾಗ ಬಿಟ್ಟುಕೊಂಡಿರಬೇಕು ಅನ್ನುವುದನ್ನೂ ಅವನು ಕಲಿತ. ಬಾಯಿ ತುಂಬಿತೋ, ನನ್ನ ಹಿಡಿಕೆ ಜಗ್ಗಿ ಅವನನ್ನು ಮನೆಕಡೆ ತಿರುಗಿಸುತ್ತಿದ್ದೆ. ಈಗಲೂ ಹೇಳುತ್ತೇನೆ, ಆ ಮನೆಯ ಖರ್ಚು ಅರ್ಧಕ್ಕಿಳಿದದ್ದು ನನ್ನ ಹೊಟ್ಟೆ ಚಿಕ್ಕದಿದ್ದದ್ದರಿಂದ.

ಆದರೆ ಮಜಾ ಇದ್ದದ್ದು ಕಿಸೆಯಲ್ಲಿ. ಸಂತೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿದರೆ ಕಿಸೆಗೆ ಏನು ಅನ್ನುವುದಕ್ಕೆ ಅರ್ಧ ತಾಸು. ಒಂದೇ ಒಂದು ವಸ್ತು, ಅದೂ ಅಂಗೈಯಷ್ಟು ಜಾಗದಲ್ಲಿ ಕೂರಬೇಕು! ಒಂದು ವಾರ ಒಂದು ಪೇರಲ. ಒಂದು ವಾರ ಬಾರಿಹಣ್ಣಿನ, ಅದೇ ಬೋರೆಹಣ್ಣಿನ, ಒಂದು ಪೊಟ್ಟಣ. ಒಂದು ವಾರ ಕರದಂಟಿನ ತುಂಡು. ಚಳಿಗಾಲದಲ್ಲಿ ಹಸಿಕಡಲೆಯ ಗಿಡ, ಬೇರು ಒಳಗೆ, ಎಲೆ ಹೊರಗೆ. ಬುಟ್ಟಿಗಟ್ಟಲೆ ತರುವಾಗ ಅವನು ಎಂದೂ ಇಷ್ಟು ಯೋಚಿಸಿರಲಿಲ್ಲ. ಒಂದನ್ನೇ ಆರಿಸಬೇಕಾದಾಗ ನಿಂಬೆವ್ವನಿಗೆ ನಿಜಕ್ಕೂ ಏನು ಇಷ್ಟ ಅನ್ನುವುದು ಅವನಿಗೆ ತಿಳಿಯುತ್ತ ಬಂತು. ಪೇರಲ, ಅದೂ ಅರೆಗಾಯಿ, ಹಲ್ಲಿಗೆ ಕಟಕ್ ಅನ್ನಬೇಕು.

"ಲೇ ನಿಂಬೀ, ಇಲ್ ಬಾ, ಏನ್ ತಂದೀನಿ ನೋಡು!"

"ಇದನ್ಯಾಕ ತಂದ್ರಿ? ಹಾಳಾಗಿ ಹೋಗ್ತೈತಿ," ಅನ್ನುತ್ತ ಅವಳು ಕಿಸೆಯೊಳಗೆ ಕೈ ಹಾಕುತ್ತಿದ್ದಳು. ಹಾಳಾಗಲು ಎಲ್ಲಿ ಬಿಡುತ್ತಿದ್ದಳು! ಅಲ್ಲೇ ನಿಂತು ಸೆರಗಿಗೆ ಒರೆಸಿ ಕಚ್ಚುತ್ತಿದ್ದಳು. ಎಷ್ಟಕ್ಕೆ ತಂದಿರಿ, ಯಾರ ಹತ್ತಿರ ತಂದಿರಿ, ಅವಳು ಮೋಸ ಮಾಡಿದಾಳೆ ನಿಮಗೆ, ನಿಮ್ಮ ಮುಖ ನೋಡಿದರೆ ಯಾರು ಮೋಸ ಮಾಡುವುದಿಲ್ಲ ಹೇಳಿ, ಅಂತ ಶುರುವಾದರೆ ಊಟದವರೆಗೆ ಮಾತು. ಓಣಿಯವರು ಜಗಳ ಅಂದುಕೊಳ್ಳುತ್ತಿದ್ದರು. ಮೊಳೆಗೆ ತೂಗಿಬಿದ್ದ ನನಗೆ ಮಾತ್ರ ಅದು ಏನು ಅಂತ ಗೊತ್ತಿತ್ತು. ಎರಡು ದಿನ ಟಕಟಕ ಮಾತ್ರ ಕೇಳಿದ ಮನೆಗೆ ಮನುಷ್ಯರ ದನಿ ಬಂದಿತ್ತು.

ಸುಖ ಬಹಳ ದಿನ ಒಂದೇ ಮನೆಯಲ್ಲಿ ಬಾಡಿಗೆಗೆ ಇರುವುದಿಲ್ಲ. ಊರಿಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು.

ಮೊದಲ ಸಲ ಫಕೀರಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಅದರೊಳಗೆ ಕಾಲಿಟ್ಟಾಗ ಬಾಗಿಲ ಹುಡುಗಿ ತಡೆದಳು. "ಸರ್, ಬ್ಯಾಗ್ ಇಲ್ಲೇ ಇಡ್ಬೇಕು." ನನ್ನನ್ನು ಒಂದು ಗೂಡಿನೊಳಗೆ ತುರುಕಿ, ಅವನ ಕೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಳು. ನೋಡಿ ಎಂಥ ಅನ್ಯಾಯ! ಕಾನೂನನ್ನು ಹೊರಗೆ ಕೂಡಿಸಿ ಮನುಷ್ಯನನ್ನು ಒಳಗೆ ಬಿಟ್ಟರು. ಅವನ ಮುಂದೆ ಗಾಲಿಯ ಬಂಡಿಯೊಂದನ್ನು ತಂದು ನಿಲ್ಲಿಸಿದರು. ಡ್ರೈವರನ ಕೈಗೆ ಗಾಲಿಯಿರುವ ಬಂಡಿ ಕೊಟ್ಟರೆ ಅವನು ಓಡಿಸದೆ ಬಿಟ್ಟಾನೆಯೇ? ಎರಡು ಕೊಂಡರೆ ಒಂದು ಉಚಿತ. ಮೂರು ಕೊಂಡರೆ ಬಕೆಟ್ಟು ಉಚಿತ. ತಣ್ಣನೆಯ ಗಾಳಿ, ಸಣ್ಣಗೆ ಹಾಡು. ಅವನು ಹೊರಗೆ ಬಂದಾಗ ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳು, ಬಗಲಲ್ಲಿ ಬಕೆಟ್ಟು. ನಾನು ಖಾಲಿ ಹೊಟ್ಟೆಯಲ್ಲಿ ಹೆಗಲ ಮೇಲೆ. ಅವನ ಮುಖದಲ್ಲಿ ಮಾತ್ರ ಏನೋ ಗೆದ್ದವನ ಕಳೆ.

ಒಂದು ಸಲ ಆದರೆ ಹೋಗಲಿ. ಸಂಬಳವಾದ ದಿನವೇ ಅಲ್ಲಿಗೆ ಹೋಗುವುದು ಅವನಿಗೆ ಚಟವಾಯಿತು. ತಿನ್ನಲು ಬಾರದ ಜೋಳದ ಹಪ್ಪಳದಂಥ ಏನೋ, ಹಾಲಿಗೆ ಹಾಕಿದರೆ ತೊಯ್ದು ಹಿಟ್ಟಾಗುವಂಥದ್ದು. ಪೀಪಾಯಿಯಷ್ಟು ಎಣ್ಣೆ. ಬಾಟಲಿಯಲ್ಲಿ ತುಂಬಿದ ಕೆಂಪು ಗೊಜ್ಜು. ನಿಂಬೆವ್ವ ಹೇಳಿದಳು, ಬೈದಳು, ಒಂದು ದಿನ ಅತ್ತಳು. "ಅಗ್ಗ ಸಿಕ್ತು ಅಂತ ತಂದೆ, ನಿನಗಾತು ಅಂತ ತಂದೆ," ಅನ್ನುವುದೊಂದೇ ಅವನ ಉತ್ತರ.

ಅದೇ ಹೊತ್ತಿಗೆ ಅವಳ ತಮ್ಮನಿಗೆ ಹೆಣ್ಣು ಹುಟ್ಟಿತು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯೊಳಗೆ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಮಕ್ಕಳಿಲ್ಲದ ನಿಂಬೆವ್ವನಿಗೆ ಆ ಹಕ್ಕು ಎಷ್ಟು ದೊಡ್ಡದು ಅಂತ ನಾನು ಹೇಳಬೇಕೇ? ಕೂಸಿನ ಕಾಲಿಗೆ ಬೆಳ್ಳಿ ಕಡಗ ಹಾಕಬೇಕು ಅಂತ ಹೊಲಿಗೆಯ ದುಡ್ಡು ಕೂಡಿಟ್ಟಿದ್ದಳು. ಆ ತಿಂಗಳು ಸಂಬಳವೆಲ್ಲ ಬಂಡಿ ಏರಿತ್ತು. ಬಾಡಿಗೆಗೆ, ಗ್ಯಾಸಿಗೆ ಅಂತ ಕಡಗದ ದುಡ್ಡೂ ಹೋಯಿತು. ಒಂದು ಝಬಲಾ ಅಂಗಿ ತಾನೇ ಹೊಲಿದು ತೆಗೆದುಕೊಂಡು ಹೋದಳು. ಕೂಸಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳಿ ತಲೆ ಎತ್ತುವಷ್ಟರಲ್ಲಿ ಬೀಗರ ಮನೆಯ ಮುದುಕಿ ಅಂದಿತಂತೆ: "ಅತ್ತಿ ಬರಿಗೈಲೆ ಬಂದಾಳ, ನೋಡ್ರಿ."

ಇದನ್ನೆಲ್ಲ ಅವಳು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮಷಿನ್ನಿನ ಮುಂದೆ ಕೂತು ತನ್ನಷ್ಟಕ್ಕೆ ತಾನು ಒಂದು ಸಲ ಅಂದುಕೊಂಡಳು, ನಾನು ಕೇಳಿಸಿಕೊಂಡೆ. ಆಮೇಲೆ ನನ್ನನ್ನು ಮೊಳೆಯಿಂದ ಕಿತ್ತು, ಕಿಸೆಯ ಬಾಯಿಯನ್ನು ಸೂಜಿಯ ಕೆಳಗಿಟ್ಟು ಹೊಲಿದೇಬಿಟ್ಟಳು. ಮೂರು ಸಲ ಹೋಗಿ ಬಂತು ಸೂಜಿ. ಫಕೀರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಇನ್ನ ಮ್ಯಾಲೆ ಸಂತಿಗೆ ನಾನ ಹೋಗ್ತೀನಿ," ಅಂದಳು. "ನೀವು ಏನೂ ತರಬ್ಯಾಡ್ರಿ. ಒಂದು ಹುಲ್ಲುಕಡ್ಡಿನೂ ಬ್ಯಾಡ."

ಅವನು "ಆತು," ಅಂದ. ಹೋಗಿ ಕೈಕಾಲು ತೊಳೆದುಕೊಂಡ.

ಹಾಗೆ ನಾನು ಅವನ ಹೆಗಲಿನಿಂದ ಅವಳ ಕೈಗೆ ಬಂದೆ. ಕೊಳ್ಳುವುದರಲ್ಲಿ ನಿಂಬೆವ್ವನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ ಬಿಡಿ. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬಾರದು ಅಂತ ಒಂದು ರೊಟ್ಟಿ ತಿಂದೇ ಹೊರಡುವಳು. ಹೊರಡುವ ಮುಂಚೆ ಡಬ್ಬಿಗಳನ್ನೆಲ್ಲ ಅಲುಗಾಡಿಸಿ ನೋಡುವಳು. ಸಂತೆಯಲ್ಲಿ ಮೊದಲು ಒಂದು ಸುತ್ತು ಬರಿಗೈಯಲ್ಲಿ ಹಾಕಿ, ಎರಡನೆಯ ಸುತ್ತಿಗೇ ಕೊಳ್ಳುವಳು. ಕೇಜಿ ಅಂದರೆ ಅರ್ಧ ಅನ್ನುವಳು, ಅರ್ಧ ಅಂದರೆ ಪಾವು ಕೇಜಿ. ಮೂಲಂಗಿ ತಂದರೆ ಗಡ್ಡೆ ಒಂದು ದಿನ, ಎಲೆ ಇನ್ನೊಂದು ದಿನ. ಮಿಠಾಯಿ ಸಾಲು ಬಂದರೆ ನೆಲ ನೋಡಿಕೊಂಡು ನಡೆಯುವಳು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ವರ್ಷ ಕಳೆಯುವುದರೊಳಗೆ ಕೂಸಿನ ಕಾಲಿಗೆ ಕಡಗ ಹೋಯಿತು. ದ್ಯಾಮಕ್ಕ ಓಣಿಗೆಲ್ಲ ಸಾರಿದಳು. ಹೆಂಗಸರು ಬಂದು ನನ್ನ ಉದ್ದ ಅಗಲ ಅಳೆದು, ತಮ್ಮ ಗಂಡಂದಿರ ಹಳೆಯ ಪ್ಯಾಂಟು ತಂದು ಕೊಟ್ಟು ಚೀಲ ಹೊಲಿಸಿಕೊಂಡು ಹೋದರು. ಓಣಿಯ ತುಂಬ ನನ್ನ ತಮ್ಮ ತಂಗಿಯರಾದರು.

ಎಮ್ಮೆಯೊಂದೇ ಸೊರಗಿದ್ದು ಅಂತ ದ್ಯಾಮಕ್ಕ ನಗುತ್ತಿದ್ದಳು. ಹಾಗಲ್ಲ. ಸೊರಗಿದ್ದು ಇನ್ನೂ ಒಂದಿತ್ತು.

ಫಕೀರಪ್ಪ ಡ್ಯೂಟಿಯಿಂದ ಬರುತ್ತಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ. ಬರಿಗೈ. ಕೂಗಲು ಏನೂ ಇಲ್ಲ. ಒಳಗೆ ಬಂದು ಕೂತು, ಉಂಡು, "ಅಡಗಿ ಚಲೋ ಆಗೇತಿ" ಅಂದು ಎದ್ದು ಹೋಗುತ್ತಿದ್ದ. ಬೈಯಲು ಏನಾದರೂ ಇದ್ದರೆ ತಾನೇ ಬೈಯುವುದು? ಕೇಳಲು ಏನಾದರೂ ಇದ್ದರೆ ತಾನೇ ಕೇಳುವುದು? ಅವಳು ಚಟ್ನಿ ಬಡಿಸಿ ಕಾಯುತ್ತಿದ್ದಳು. ಅವನು ಗೋಡೆ ನೋಡುತ್ತಿದ್ದ. ಒಂದು ಸಲ ನಿಂಬೆವ್ವ, "ನವಲಗುಂದಕ್ಕ ಹೋಗಿದ್ರೇನು ಇವತ್ತು?" ಅಂತ ಕೇಳಿದಳು. ಅವಳು ಎಡಗಡೆ ಕೂತಿದ್ದಳು. ಅವನಿಗೆ ಕೇಳಿಸಲಿಲ್ಲ.

ಸಂಜೆಯಾದರೆ ಅವಳ ಕಿವಿ ಬಾಗಿಲ ಕಡೆಗೇ. ನಾನು ದಿನಾ ನೋಡುತ್ತಿದ್ದೆ. ಮಷಿನ್ ನಿಲ್ಲಿಸಿ, ಸೂಜಿಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಆ ಒಂದು ಕೂಗು ಕೇಳಬೇಕು ಅವಳಿಗೆ. ಬೇರೇನೂ ಬೇಡ. ಖರ್ಚು ಉಳಿಯಿತು, ಡಬ್ಬಿಗಳು ಚೊಕ್ಕಟ, ಊರೆಲ್ಲ ಹೊಗಳಿತು, ಮನೆಯಲ್ಲಿ ಮಾತ್ರ ಒಬ್ಬಳೇ ಇದ್ದಾಗಿನದಕ್ಕಿಂತ ಇಬ್ಬರಿದ್ದಾಗ ಹೆಚ್ಚು ಒಂಟಿಯಾದಳು. ಏನೂ ತರಬ್ಯಾಡ್ರಿ ಅಂದವಳು ತಾನೇ. ಯಾವ ಬಾಯಲ್ಲಿ ತರ್ರಿ ಅನ್ನಬೇಕು?

ಒಂದು ದಿನ ಅವನ ಖಾಕಿ ಅಂಗಿ ಒಗೆಯಲು ಎತ್ತಿದವಳು ಹಾಗೇ ನಿಂತುಬಿಟ್ಟಳು. ಅಂಗಿಯನ್ನು ಮೂಗಿಗೆ ಹಿಡಿದಳು. ಪೇರಲದ ವಾಸನೆ. ಜೇಬಿನ ಮೂಲೆಯಲ್ಲಿ ಒಂದು ಎಲೆಯೂ ಅಂಟಿಕೊಂಡಿತ್ತು. ಕೊಂಡಿದ್ದಾನೆ ಹಾಗಾದರೆ. ಕೊಂಡು, ಜೇಬಲ್ಲಿಟ್ಟುಕೊಂಡು, ಮನೆಯವರೆಗೆ ತರಲು ಧೈರ್ಯ ಸಾಲದೆ ಹಾದಿಯಲ್ಲಿ ಯಾವ ಕೂಸಿಗೋ ಕೊಟ್ಟು ಬಂದಿದ್ದಾನೆ. ನಿಂಬೆವ್ವ ಬಚ್ಚಲ ಕಟ್ಟೆಯ ಮೇಲೆ ಕೂತು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಕೊಳ್ಳುವುದು ಅವನ ಚಟ ಅಂತ ಇಷ್ಟು ದಿನ ತಿಳಿದಿದ್ದಳು. ನಿಂತ ಊರಲ್ಲೆಲ್ಲ ತನ್ನನ್ನು ನೆನೆಯುತ್ತಿದ್ದ ಅನ್ನುವುದು ಆಗ ಹೊಳೆಯಿತು.

ಕಣ್ಣು ಒರೆಸಿಕೊಂಡು ಬ್ಲೇಡು ತಂದಳು. ನನ್ನ ಕಿಸೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಅಬ್ಬಾ, ಎಷ್ಟು ಕಾಲದ ಮೇಲೆ ಬಾಯಿ ತೆರೆದಂತಾಯಿತು ನನಗೆ! ದಾರದ ಚೂರುಗಳನ್ನೆಲ್ಲ ಆರಿಸಿ ತೆಗೆದು, ನನ್ನನ್ನು ಅವನ ಅಂಗಿಯ ಮೊಳೆಗೇ ತೂಗುಹಾಕಿದಳು. ಸಂತೆಯ ದಿನ ಬೆಳಿಗ್ಗೆ ಅವನ ಬಲಗಡೆಗೆ ಹೋಗಿ, "ಮೊಳಕಾಲು ನೋಯಾಕತ್ತೈತ್ರಿ, ಇವತ್ತೊಂದಿನ ಸಂತಿಗೆ ನೀವ ಹೋಗಿಬರ್ರಿ," ಅಂದಳು. ಮೊಳಕಾಲಿಗೆ ಏನೂ ಆಗಿರಲಿಲ್ಲ.

ಮತ್ತೆ ಆ ಹೆಗಲು. ಅವನು ಅವಳು ಹೇಳಿದ್ದಷ್ಟನ್ನೇ, ಹೇಳಿದ ತೂಕದಲ್ಲೇ ಕೊಂಡ. ಮಾಬವ್ವ, "ಏನು ಅಣ್ಣಾರು, ಈ ಕಡೆ ಹಾದಿ ಮರೆತಿದ್ರಿ," ಅಂದು ಎರಡು ಹಿಡಿ ಕೊಸರು ಹಾಕಿದಳು. ಪೇರಲದ ಬುಟ್ಟಿಯ ಮುಂದೆ ಬಂದಾಗ ಅವನ ಕಾಲು ತಡೆಯಿತು. ಕೈ ಹಳೆಯ ರೂಢಿಯಂತೆ ನನ್ನ ಬಲಮಗ್ಗುಲಿಗೆ ಬಂತು. ಬೆರಳುಗಳು ಒಳಗೆ ಹೋದವು. ನಾನು ಉಸಿರು ಹಿಡಿದೆ. ಕೊಳ್ಳಪ್ಪಾ, ಕೊಳ್ಳೋ ಮಹರಾಯಾ, ಒಂದೇ ಒಂದು! ಅವನು ಬೆರಳು ಹೊರಗೆ ತೆಗೆದ. ಕಿಸೆಯ ಬಾಯಿಯನ್ನು ಹಿಡಿದು ತಿರುಗಿಸಿ ನೋಡಿದ. ಮನೆಕಡೆ ನಡೆದ.

ನಿಂಬೆವ್ವ ಸೂಜಿಯ ಮೇಲೆ ಕೈಯಿಟ್ಟು ಕೂತಿದ್ದಳು. ಕೂಗು ಬರಲಿಲ್ಲ. ಅವನು ಒಳಗೆ ಬಂದು, ತರಕಾರಿ ಸುರಿದು, ನನ್ನನ್ನು ಅವಳ ಮುಂದೆ ಹಿಡಿದ.

"ಕಿಸೆ ಹೊಲಿಗಿ ಬಿಚ್ಚೇತಿ ನೋಡು. ಚಿಲ್ಲರ ಗಿಲ್ಲರ ಬಿದ್ದು ಹೋದಾವು. ಹೊಲದು ಬಿಡು."

ಅವಳ ಬಾಯಿ ತೆರೆಯಿತು. ಅದು ತಾನಾಗಿ ಬಿಚ್ಚಿದ್ದಲ್ಲ, ನಾ ಬಿಚ್ಚೀನಿ ಅಂದರೆ ಮುಗಿಯುತ್ತಿತ್ತು. ಮೆಲ್ಲಗೆ ಅಂದಳು ಸಹ. "ಆಂ?" ಅಂದ ಅವನು. ಆ ಹೊತ್ತಿಗೆ ಬಲಗಿವಿಯೂ ಮಂದವಾಗಿತ್ತು. ಹೇಳಬೇಕಾದರೆ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಇಂಥ ಮಾತು ಕೂಸಿಗೆ ಹೆಸರು ಹೇಳಿದಂತೆ ಕಿವಿಯೊಳಗೆ ಹೇಳುವಂಥದ್ದು, ಕೂಗಿ ಹೇಳುವಂಥದ್ದಲ್ಲ. ಅವಳಿಗೆ ಆಗಲಿಲ್ಲ. ಸೂಜಿಗೆ ದಾರ ಪೋಣಿಸಿದಳು.

ಆದರೆ ಮಷಿನ್ನಿಗೆ ಕೊಡಲಿಲ್ಲ. ಕೈಯಲ್ಲೇ, ಹಳೆಯ ಸವೆದ ದಾರದಲ್ಲಿ, ಉದ್ದುದ್ದ ಟಾಕಿ, ಸಡಿಲ ಹೊಲಿಗೆ, ಹಾಕಿದಳು. ಎಳೆದರೆ ಬಿಚ್ಚಬೇಕು, ಹಾಗೆ. ಅದು ಬಿಚ್ಚಿತು ಕೂಡ. ಮತ್ತೆ ಯಾವಾಗಲೋ ಅವಳ ಮೊಳಕಾಲು ನೋಯುವುದು, ಅವನು ಹೋಗಿಬರುವುದು, "ಮತ್ತ ಬಿಚ್ಚೇತಿ ನೋಡು" ಅನ್ನುವುದು, ಅವಳು ಮತ್ತೆ ಹೊಲಿಯುವುದು. ವರ್ಷಗಳೇ ಹೋದವು ಹೀಗೆ. ಇಬ್ಬರೂ ಒಳ್ಳೆಯವರೇ, ನಡುವೆ ನಾನೊಬ್ಬ ಬಾಯಿಲ್ಲದವನು. ನನಗೆ ಸಿಟ್ಟು ಬರುತ್ತಿತ್ತು ಅವರಿಬ್ಬರ ಮೇಲೂ.

ಫಕೀರಪ್ಪ ನಿವೃತ್ತನಾದ. ಕಿವಿಗೆ ಮಷಿನ್ ತಂದರು. ಅದು ಕುಂಯ್ ಅನ್ನುತ್ತದೆ ಅಂತ ಡಬ್ಬಿಯಲ್ಲಿಟ್ಟ. ಬಾಗಿಲಿಗೆ ಬೆನ್ನು ಹಾಕಿ, ಹಿಂದಿನ ಕಿಟಕಿಯ ಹತ್ತಿರ ಕೂರುತ್ತಿದ್ದ. ಅಲ್ಲಿಂದ ದೊಡ್ಡ ರಸ್ತೆಯ ಬಸ್ಸುಗಳು ಕಾಣುತ್ತವೆ, ಸದ್ದಿಲ್ಲದೆ ಹೋಗುವ ಬಸ್ಸುಗಳು. ನಿಂಬೆವ್ವ ಅವನ ಬೆನ್ನು ನೋಡುತ್ತ ಕೆಲಸ ಮಾಡುತ್ತಿದ್ದಳು. ನನಗೂ ವಯಸ್ಸಾಗಿತ್ತು. ತಳಕ್ಕೆ ಎರಡು ತೇಪೆ, ಹಿಡಿಕೆ ಹೊಸದು, ಬಣ್ಣ ಯಾವುದು ಅಂತ ಕೇಳಬೇಡಿ.

ಚಳಿ ಶುರುವಾದ ಕಾಲ. ಅವಳು ಎಂದಿನಂತೆ ರೊಟ್ಟಿ ತಿಂದು ಸಂತೆಗೆ ಬಂದಳು. ಒಂದು ಸುತ್ತು ಹಾಕಿದಳು, ಎರಡನೆಯ ಸುತ್ತಿಗೆ ಕೊಂಡಳು, ನನ್ನ ಬಾಯಿ ತುಂಬಿತು. ಸಂತೆ ಮುಗಿಯಿತು. ಹಾದಿಯಲ್ಲಿ ಬಂಗಾರ ಮಾರಿದರೂ ನಿಲ್ಲುವವಳಲ್ಲ. ನವಲಗುಂದದ ಪೇರಲ ಅಂತ ಒಬ್ಬಳು ಕೂಗಿದಳು. ನಿಂಬೆವ್ವ ದಾಟಿ ಹೋದಳು. ಎರಡು ಅಂಗಡಿ ದಾಟಿದಳು. ಅಲ್ಲೇ ನಿಂತಳು. ಹಿಂದಕ್ಕೆ ಬಂದಳು! ಇಷ್ಟು ವರ್ಷದಲ್ಲಿ ಅವಳು ಹಿಂದಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ಬುಟ್ಟಿಯ ಮುಂದೆ ಕೂತು, ಒಂದೊಂದನ್ನೇ ಒತ್ತಿ ನೋಡಿ, ಅರೆಗಾಯಿಯನ್ನು ಪಕ್ಕಕ್ಕಿಟ್ಟು, ಅವನ ಹಲ್ಲಿಗೆ ಅಂತ ಚೆನ್ನಾಗಿ ಹಣ್ಣಾದ ಮೆತ್ತನೆಯದೊಂದನ್ನು ಆರಿಸಿದಳು. ಚೌಕಾಶಿ ಇಲ್ಲ, ಏನಿಲ್ಲ. ಕೇಳಿದಷ್ಟು ಕೊಟ್ಟಳು. ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಅಲ್ಲೇ ನನ್ನ ಕಿಸೆಯ ಟಾಕಿ ಕಿತ್ತು, ಹಣ್ಣನ್ನು ಒಳಗಿಟ್ಟಳು.

ಮನೆಯ ಹೊಸ್ತಿಲಲ್ಲಿ ನಿಂತಳು.

"ರೀ, ಇಲ್ ಬರ್ರಿ, ಏನ್ ತಂದೀನಿ ನೋಡ್ರಿ."

ಬೆನ್ನು ಅಲುಗಲಿಲ್ಲ. ಇನ್ನೊಂದು ಸಲ ಕೂಗಿದಳು. ಈ ಸಲ ಗಂಟಲು ತೆಗೆದು, ನಾಚಿಕೆ ಬಿಟ್ಟು. ಎದುರು ಮನೆಯ ಬಾಗಿಲಲ್ಲಿ ದ್ಯಾಮಕ್ಕ ಬಗ್ಗಿ ನೋಡಿದಳು. ನಲ್ಲಿಯ ಹತ್ತಿರ ನಿಂತವರು ತಿರುಗಿ ನೋಡಿದರು. ಓಣಿಯೆಲ್ಲ ತಿರುಗಿತು. ಅವನೊಬ್ಬ ತಿರುಗಲಿಲ್ಲ. ರಸ್ತೆಯಲ್ಲಿ ಬಸ್ಸು ಹೋಗುವುದನ್ನು ನೋಡುತ್ತ ಕೂತಿದ್ದ.

ಅವಳು ಅಲ್ಲೇ ಕೂತು ಅತ್ತುಬಿಡುತ್ತಾಳೆ ಅಂದುಕೊಂಡೆ. ಇಲ್ಲ. ಚಪ್ಪಲಿಯನ್ನೂ ಬಿಡದೆ ಒಳಗೆ ನಡೆದಳು. ಅವನ ಮುಂದೆ ಹೋಗಿ ನಿಂತು, ಅವನ ಬಲಗೈಯನ್ನು ಹಿಡಿದು ನನ್ನ ಕಿಸೆಯೊಳಗೆ ಹಾಕಿದಳು.

ಅವನು ಬೆಚ್ಚಿದ. ಆಮೇಲೆ ಬೆರಳುಗಳು ಒಳಗೆ ತಡವಿದವು. ಹಣ್ಣಿನ ಸುತ್ತ ನಿಧಾನಕ್ಕೆ ಮುಚ್ಚಿಕೊಂಡವು. ಹಾಗೇ ಇದ್ದವು, ಬಹಳ ಹೊತ್ತು. ಹೊರಗೆ ತೆಗೆದು, ಮೂಗಿಗೆ ಹಿಡಿದು, ಅವಳ ಮುಖ ನೋಡಿದ.

"ಇದನ್ಯಾಕ ತಂದಿ?" ಅಂದ. "ಹಾಳಾಗಿ ಹೋಗ್ತೈತಿ."

ನಿಂಬೆವ್ವ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವನು ನನ್ನ ಕಿಸೆಯ ಬಾಯಿಯನ್ನು ಹಿಡಿದು, ತುದಿಯಲ್ಲಿ ನೇತಾಡುತ್ತಿದ್ದ ದಾರದ ಎಳೆಯನ್ನು ನೋಡಿದ. ಅವಳ ಕೈಯಲ್ಲಿ ಇನ್ನೂ ಇದ್ದ ಪಿನ್ನನ್ನು ನೋಡಿದ.

"ನೀನ ಬಿಚ್ಚಿದಿ?"

ಅವಳು ತಲೆಯಾಡಿಸಿದಳು.

"ಆವತ್ತೂ?"

ತಲೆಯಾಡಿಸಿದಳು. ಅದಕ್ಕೆ ಕೂಗಬೇಕಾಗಿರಲಿಲ್ಲ.

"ಅಯ್ಯೋ ಹುಚ್ಚೀ," ಅಂದ ಫಕೀರಪ್ಪ. "ನಾ ಎಂಥಾ ಖೋಡಿ! ಎಷ್ಟು ಸಲ ಹೊಲಿಸಿದೆನಲ್ಲ!" ಹಣೆ ಚಚ್ಚಿಕೊಂಡ. ಹಣ್ಣನ್ನು ಎರಡು ಹೋಳು ಮಾಡಿ, ದೊಡ್ಡದನ್ನು ಅವಳ ಕೈಗಿಟ್ಟ. ಎಷ್ಟಕ್ಕೆ ತಂದಿ, ಯಾರ ಹತ್ತಿರ ತಂದಿ ಅಂತ ಕೇಳಿದ. ಅವಳು ಬೆರಳಲ್ಲಿ ತೋರಿಸಿದಳು. ಮೋಸ ಹೋದಿ ಅಂತ ಓಣಿಗೆಲ್ಲ ಕೇಳುವಂತೆ ಬೈದ.

ಇಷ್ಟೇ ನನ್ನ ಕಥೆ. ಉಳಿದದ್ದು ನನ್ನ ಮುಪ್ಪು. ಒಂದು ದಿನ ಸಂತೆಯ ನಡುವೆ ನನ್ನ ತಳ ಕಿತ್ತು ಬಟಾಟೆಗಳು ರಸ್ತೆಯ ಮೇಲೆ ಉರುಳಾಡಿದವು. ಇನ್ನು ತೇಪೆ ತಡೆಯುವಂಥ ಬಟ್ಟೆ ನನ್ನ ಮೈಯಲ್ಲಿ ಉಳಿದಿರಲಿಲ್ಲ. ನಿಂಬೆವ್ವ ಫಕೀರಪ್ಪನ ಕೊನೆಯ ಖಾಕಿ ಪ್ಯಾಂಟಿನಿಂದ ಹೊಸ ಚೀಲ ಹೊಲಿದಳು. ಆ ಪ್ಯಾಂಟಿನ ಕಿಸೆಗಳು ತೂತಾಗಿದ್ದವು. ನನ್ನ ಮೈಯಲ್ಲಿ ಗಟ್ಟಿ ಉಳಿದದ್ದು ಕಿಸೆಯೊಂದೇ, ದುಡಿಯದೆ ಇದ್ದ ವರ್ಷಗಳು ಬಹಳವಲ್ಲವೇ. ಅದನ್ನು ಸುತ್ತಲಿನ ಬಟ್ಟೆ ಸಮೇತ ಕತ್ತರಿಸಿ ಹೊಸ ಚೀಲಕ್ಕೆ ಹೊಲಿದಳು.

ಈಗ ನಾನು ತಳಕ್ಕೆ ಗಂಟು ಹಾಕಿಸಿಕೊಂಡು, ಅಡುಗೆಮನೆಯ ಮೂಲೆಯಲ್ಲಿ ಒಂದಿಷ್ಟು ಬೆಳ್ಳುಳ್ಳಿ ತುಂಬಿಕೊಂಡು ನೇತಾಡುತ್ತಿದ್ದೇನೆ. ನನ್ನನ್ನು ಎಲ್ಲಿಗೂ ಒಯ್ಯುವುದಿಲ್ಲ. ಯಾರೂ ಮಾತಾಡಿಸುವುದಿಲ್ಲ. ನನ್ನ ಬಲಮಗ್ಗುಲಲ್ಲಿ ಅಂಗೈಯಗಲದ ತೂತಿದೆ, ಅದರಲ್ಲಿ ಗಾಳಿ ಆಡುತ್ತದೆ. ಸಂತೆಯ ದಿನ ಒಮ್ಮೆ ಅವನು ಹೋಗುತ್ತಾನೆ, ಒಮ್ಮೆ ಅವಳು. ಹೋದವರು ಬರುವ ಹೊತ್ತಿಗೆ ಉಳಿದವರು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ನಾನೂ ಕಾಯುತ್ತೇನೆ.

"ಲೇ ನಿಂಬೀ, ಇಲ್ ಬಾ, ಏನ್ ತಂದೀನಿ ನೋಡು!"

ಆ ಕೂಗು ಬಿದ್ದಾಗಲೆಲ್ಲ, ಕಿಸೆ ಇಲ್ಲ ಅನ್ನುವುದನ್ನು ಮರೆತು, ನನಗೆ ಆ ಜಾಗದಲ್ಲಿ ಇನ್ನೂ ಭಾರವಾಗುತ್ತದೆ.